ಇಲ್ಲಿ ಯಾರಿಗೂ ವಯಸ್ಸಾಗಲ್ಲ

ಅವನು ಗೋಡೆ ಬಿಟ್ಟು ನಡೆದದ್ದನ್ನು ನಾನು ಕಂಡಿಲ್ಲ. ಆಸ್ಪತ್ರೆಯ ಉದ್ದನೆಯ ಓಣಿಗಳಲ್ಲಿ ಸ್ಟ್ರೆಚರುಗಳಿಗೆ, ಗಾಲಿಕುರ್ಚಿಗಳಿಗೆ, ಓಡುವ ನರ್ಸುಗಳಿಗೆ ನಡುದಾರಿ ಬಿಟ್ಟುಕೊಟ್ಟು, ಎಡಭುಜವನ್ನು ಹೆಚ್ಚುಕಡಿಮೆ ಗೋಡೆಗೆ ಉಜ್ಜಿಕೊಂಡೇ ಹೋಗುವ ಅಭ್ಯಾಸ ಹದಿನಾಲ್ಕು ವರ್ಷಗಳಲ್ಲಿ ಅವನ ಮೈಗೆ ಎಷ್ಟು ಹತ್ತಿತ್ತೆಂದರೆ, ಸಂಜೆ ನಾವಿಬ್ಬರೂ ತಿರುಗಾಡಲು ಹೋಗುತ್ತಿದ್ದ ಬಯಲಿನಲ್ಲಿ, ಒಂದು ಮರವೂ ಇಲ್ಲದ ಆ ಬಟ್ಟಬಯಲಿನಲ್ಲಿ ಕೂಡ, ಅವನು ಅಂಚು ಹಿಡಿದೇ ನಡೆಯುತ್ತಿದ್ದ. ಮಾತು ಕೇಳಿಸಬೇಕೆಂದರೆ ನಾನೇ ಅವನ ಕಡೆ ಸರಿಯಬೇಕು. ಬೂದುಬಣ್ಣದ ಅವನ ಕೋಟಿನ ಎಡಭುಜ ಸವೆದು ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಬಲಭುಜ ಮಾತ್ರ ದರ್ಜಿಯ ಅಂಗಡಿಯಿಂದ ತಂದ ದಿನದಂತೆಯೇ ಇತ್ತು. ಒಂದೇ ಕೋಟಿಗೆ ಎರಡು ವಯಸ್ಸು ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ. "ಹಾಗಾದ್ರೆ ಇದರ ಕ್ಲೇಮ್ ಪಾಸಾಗಲ್ಲ ಬಿಡು" ಎಂದಿದ್ದ.

ಅವನು ಆಸ್ಪತ್ರೆಯ ವಿಮಾ ವಿಭಾಗದಲ್ಲಿದ್ದ. ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಎದುರುಬದುರಾಗಿ ಎರಡು ಮೇಜು, ಕಿಟಕಿಯ ಬದಲಿಗೆ ಕ್ಷಕಿರಣ ಕೋಣೆಯ ಕಡೆಗೆ ತೆರೆದುಕೊಂಡ ಒಂದು ಕಂಡಿ. ರೋಗಿ ದಾಖಲಾದಾಗ ಕಂಪನಿಗೆ ಕಾಗದ ಕಳಿಸಿ ಚಿಕಿತ್ಸೆಗೆ ಒಪ್ಪಿಗೆ ತರಿಸುವುದು. ರೋಗಿ ಹೊರಡುವ ದಿನ ಕೊನೆಯ ಬಿಲ್ಲು ಕಳಿಸಿ ಮತ್ತೊಮ್ಮೆ ಒಪ್ಪಿಗೆ ತರಿಸುವುದು. ಈ ಎರಡನೆಯ ಒಪ್ಪಿಗೆ ಬರುವ ತನಕ ಗುಣವಾದವರೂ ಮಂಚದ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿರಬೇಕು. ಹಾಗೆ ಕೂತವರ ಮನೆಯವರು ಗಳಿಗೆಗೊಮ್ಮೆ ಆ ಕಂಡಿಗೆ ಬಂದು ಬಾಯಿಗೆ ಬಂದಂತೆ ಬೈದು ಹೋಗುತ್ತಿದ್ದರು. ಅವನು ಎಲ್ಲವನ್ನೂ ಕೇಳಿಸಿಕೊಂಡು, ಅವರ ಉಸಿರು ಇಳಿದ ಮೇಲೆ, "ಎಲ್ಲಿ ನಿಂತಿದೆ ನೋಡೋಣ ಇರಿ" ಎನ್ನುತ್ತಿದ್ದ.

ಅದು ಅವನ ಮಾತಿನ ಚಟ. ಬಸ್ಸು ತಡವಾದರೂ ಎಲ್ಲಿ ನಿಂತಿದೆ, ಮಗಳ ಮದುವೆಯ ಮಾತುಕತೆ ಮುಂದುವರಿಯದಿದ್ದರೂ ಎಲ್ಲಿ ನಿಂತಿದೆ, ನಾನು ವರ್ಷಗಟ್ಟಲೆ ಬರೆಯುತ್ತೇನೆಂದು ಹೇಳಿಕೊಂಡು ತಿರುಗಿದ ಪುಸ್ತಕವೂ ಎಲ್ಲಿ ನಿಂತಿದೆ. ಜಗತ್ತಿನಲ್ಲಿ ಯಾವುದೂ ಕಳೆದುಹೋಗುವುದಿಲ್ಲ, ಎಲ್ಲವೂ ಯಾರದೋ ಮೇಜಿನ ಮೇಲೆ ಯಾವುದೋ ಒಂದು ಸಹಿಗಾಗಿ ಕಾದಿರುತ್ತದೆ ಎಂಬುದು ಅವನ ದೃಢವಾದ ನಂಬಿಕೆ. ನರ್ಸುಗಳು ಅವನನ್ನು ಫೈಲಪ್ಪ ಎಂದು ಕರೆಯುತ್ತಿದ್ದರು, ಎದುರಿಗೆ ಮಾತ್ರ ಫೈಲಪ್ಪ ಸಾರ್. ಅವನಿಗೆ ಅದು ಗೊತ್ತಿತ್ತು, ಮತ್ತು ಹೆತ್ತವರು ಇಟ್ಟ ಹೆಸರಿಗಿಂತ ಇದೇ ತನಗೆ ಸರಿಯಾಗಿ ಹೊಂದುತ್ತದೆ ಎನ್ನುತ್ತಿದ್ದ.

ನಾನು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಹನ್ನೆರಡು ವರ್ಷಗಳ ಹಿಂದೆ ನನ್ನ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಕಂಪನಿಯವರು ಕಾಗದವನ್ನು ತಡೆಹಿಡಿದರು. ತುರ್ತು ಚಿಕಿತ್ಸೆಯ ಚೀಟಿಯಲ್ಲಿ ಬಚ್ಚಲುಮನೆಯಲ್ಲಿ ಜಾರಿದ್ದು ಎಂದಿತ್ತು, ವಾರ್ಡಿನ ಹಾಳೆಯಲ್ಲಿ ಹಿತ್ತಿಲಿನಲ್ಲಿ ಬಿದ್ದದ್ದು ಎಂದಿತ್ತು. ಮೊದಲನೆಯದನ್ನು ಹೇಳಿದ್ದು ನನ್ನ ಅಕ್ಕ, ಎರಡನೆಯದನ್ನು ಹೇಳಿದ್ದು ನಾನು. ಬಿದ್ದಾಗ ಇಬ್ಬರೂ ಮನೆಯಲ್ಲಿರಲಿಲ್ಲ. ಕಂಡಿಯ ಬಳಿ ನಾವಿಬ್ಬರೂ ಜೋರಾಗಿ ಜಗಳಕ್ಕೆ ನಿಂತಿದ್ದಾಗ ಅವನು ಎದ್ದು, ಗೋಡೆಯ ಪಕ್ಕದಲ್ಲೇ ನಡೆದು ಮೂರನೇ ಮಹಡಿಗೆ ಹೋಗಿ, ಅಮ್ಮನ ಮಂಚದ ಬಳಿ ಸ್ಟೂಲು ಎಳೆದುಕೊಂಡು, ಅಮ್ಮಾ ನೀವು ನಿಜವಾಗಿ ಎಲ್ಲಿ ಬಿದ್ದಿರಿ ಎಂದು ಕೇಳಿದ. ಆ ತನಕ ಅದನ್ನು ಅವಳನ್ನೇ ಕೇಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಅಮ್ಮ ಹೇಳಿದಳು: "ಒಂದು ಕಾಲು ಬಚ್ಚಲಲ್ಲಿತ್ತು ಕಣಪ್ಪ, ಇನ್ನೊಂದು ಹಿತ್ತಿಲಲ್ಲಿತ್ತು. ನಡುವೆ ಹೊಸ್ತಿಲು." ಅವನು ಕೂತಲ್ಲೇ ಆ ಮಾತನ್ನು ಹಾಗೆಹಾಗೇ ಬರೆದು, ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಒಪ್ಪಿಗೆ ಬಂತು.

ಆವತ್ತು ನಾನು ಕೃತಜ್ಞತೆ ಹೇಳಲು ಹೋದಾಗ, ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡು, ನಾವಿಬ್ಬರೂ ಒಂದೇ ಜಾತಿ, ಇನ್ನೊಬ್ಬರ ತಪ್ಪಿನಿಂದ ಹೊಟ್ಟೆ ಹೊರೆಯುವವರು ಎಂದು ನಕ್ಕ. ಅಲ್ಲಿಂದ ಗೆಳೆತನ ಬೆಳೆಯಿತು. ಮೂರನೆಯ ವರ್ಷ ನಾವು ಬಹುವಚನದಿಂದ ಏಕವಚನಕ್ಕೆ ಇಳಿದೆವು. ಅದಕ್ಕೂ ಅವನು ಮುಂಚಿತವಾಗಿ ನನ್ನ ಒಪ್ಪಿಗೆ ಕೇಳಿದ್ದ.

ಆಸ್ಪತ್ರೆಗೆ ಬರುವ ಮೊದಲು ಹನ್ನೊಂದು ವರ್ಷ ಅವನು ವಿಮಾ ಕಂಪನಿಯಲ್ಲೇ ಇದ್ದ, ಎಂದರೆ ಕಂಡಿಯ ಆಚೆಗಿನ ಆಚೆಯಲ್ಲಿ. ಆಸ್ಪತ್ರೆಗಳಿಂದ ಬಂದ ಕಾಗದಗಳಲ್ಲಿ ಕೊರತೆ ಹುಡುಕಿ ಪ್ರಶ್ನೆ ಬರೆದು ವಾಪಸು ಕಳಿಸುವುದು ಅವನ ಕೆಲಸ. ಅದನ್ನು ಬಿಟ್ಟದ್ದೇಕೆ ಎಂದು ಹಲವು ಸಲ ಕೇಳಿದ್ದೆ. ಒಮ್ಮೆ ಮಾತ್ರ ಹೇಳಿದ, ಅದೂ ಬಯಲಿನ ಅಂಚಿನಲ್ಲಿ, ನನ್ನ ಮುಖ ನೋಡದೆ. ಒಬ್ಬ ರೋಗಿಯ ಕಾಗದದಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಲಿಲ್ಲ. ಇವನು ಕೇಳಿದ. ಅದು ಬಂತು, ಆದರೆ ರೋಗಿಯ ಸಹಿ ಕಾರ್ಡಿನ ಸಹಿಗೆ ಹೊಂದಲಿಲ್ಲ. ಮತ್ತೆ ಕೇಳಿದ. ಉತ್ತರ ಬರದಿದ್ದಾಗ, ಖುದ್ದಾಗಿ ಹಾಜರಾಗಿ ಸಹಿ ಮಾಡತಕ್ಕದ್ದು ಎಂದು ಆ ರೋಗಿಯ ಹೆಸರಿಗೇ ಒಂದು ಪತ್ರ ಬರೆದ. ಪತ್ರ ಹಿಡಿದುಕೊಂಡು ಬಂದದ್ದು ಆತನ ಹೆಂಡತಿ. ಆತ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಆಕೆ ಕೂಗಾಡಲಿಲ್ಲವಂತೆ. ಎಲ್ಲಿಂದ ಕರ್ಕೊಂಡು ಬರಲಿ ಹೇಳಿ, ಎಂದಷ್ಟೇ ಕೇಳಿದಳಂತೆ.

"ನಾನು ಬರೆದಿದ್ರಲ್ಲಿ ಒಂದು ತಪ್ಪೂ ಇರ್ಲಿಲ್ಲ ಕಣೋ" ಎಂದ. "ಅದೇ ಕಷ್ಟ."

ಹಾಗೆ ಈಚೆಗೆ ಬಂದವನಿಗೆ, ಕಾಗದ ಎಲ್ಲೆಲ್ಲಿ ಮುಗ್ಗರಿಸುತ್ತದೆಂಬುದು ಬಾಯಿಪಾಠವಾಗಿತ್ತು. ಎಷ್ಟು ದಿನದಿಂದ ನೋವು ಎಂದು ಕೇಳಿದರೆ ಜನ ಸಂಕೋಚಕ್ಕೆ ಬಿದ್ದು ಬಹಳ ದಿನದಿಂದ ಎಂದುಬಿಡುತ್ತಾರೆ, ಡ್ಯೂಟಿ ಡಾಕ್ಟರು ಅದನ್ನೇ ಬರೆಯುತ್ತಾರೆ, ಕಂಪನಿ ಅದನ್ನು ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆ ಎಂದು ಓದುತ್ತದೆ. ಪ್ರಯೋಗಾಲಯದ ಮೂಲ ವರದಿ ರೋಗಿಯ ತಲೆದಿಂಬಿನ ಕೆಳಗೇ ಉಳಿದಿರುತ್ತದೆ. ದೊಡ್ಡ ವೈದ್ಯರು ಸಹಿ ಹಾಕದೆ ಊಟಕ್ಕೆ ಹೋಗಿರುತ್ತಾರೆ, ಮುದ್ರೆ ಇರುವ ಡ್ರಾಯರಿನ ಬೀಗದ ಕೈ ಚಹಾ ಕುಡಿಯಲು ಹೋದವರ ಜೇಬಿನಲ್ಲಿರುತ್ತದೆ. ಕಂಪನಿಯಲ್ಲೋ, ಮಧ್ಯಾಹ್ನದ ಪಾಳಿಯವರು ಬೆಳಗಿನ ಪಾಳಿಯವರು ನೋಡಿದ್ದನ್ನು ಮೊದಲಿನಿಂದ ನೋಡುತ್ತಾರೆ. ಇದರಲ್ಲಿ ದುರುಳರು ಯಾರೂ ಇಲ್ಲ ಎಂಬುದನ್ನು ಅವನು ನನಗೆ ಮನದಟ್ಟು ಮಾಡಿಸಲು ಬಹಳ ಶ್ರಮಪಟ್ಟಿದ್ದಾನೆ. ನನಗೆ ಒಬ್ಬ ದುರುಳನಾದರೂ ಸಿಕ್ಕಿದ್ದರೆ ಇವತ್ತು ಸ್ವಲ್ಪ ಹಗುರಾಗುತ್ತಿತ್ತು.

ಹೊಸದಾಗಿ ಸೇರಿದ ನರ್ಸುಗಳಿಗೆ ಅವನು ಕಲಿಸುತ್ತಿದ್ದ ಮೊದಲ ಪಾಠ ವಯಸ್ಸಿನದು. ರೋಗಿ ಒಳಗಿರುವಾಗಲೇ ಹುಟ್ಟಿದ ದಿನ ಬಂದುಹೋದರೆ ಒಂದು ಹಾಳೆಯಲ್ಲಿ ಒಂದು ವಯಸ್ಸು, ಇನ್ನೊಂದರಲ್ಲಿ ಇನ್ನೊಂದು ವಯಸ್ಸು ಬೀಳುತ್ತದೆ. ಕಂಪನಿಯ ಕಣ್ಣಿಗೆ ಅವರು ಇಬ್ಬರು ಮನುಷ್ಯರು. ಆದ್ದರಿಂದ ದಾಖಲಾದ ದಿನ ಎಷ್ಟೋ ಬಿಡುಗಡೆಯ ದಿನವೂ ಅಷ್ಟೇ ಬರೆಯಬೇಕು. "ಇಲ್ಲಿ ಒಳಗೆ ಯಾರಿಗೂ ವಯಸ್ಸಾಗಲ್ಲಮ್ಮ" ಎಂದು ಅವನು ಹೇಳಿದಾಗ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ವಾಸ್ತವದಲ್ಲಿ ವಯಸ್ಸಿನ ವ್ಯತ್ಯಾಸದ ಆ ಪ್ರಶ್ನೆಯನ್ನು ಕಂಪನಿಯಲ್ಲಿದ್ದಾಗ ರೂಪಿಸಿದವನು ಅವನೇ. ಯಾರೋ ಒಬ್ಬ ಅಣ್ಣನ ಕಾರ್ಡು ತೋರಿಸಿ ತಮ್ಮನಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೋಗಿದ್ದನಂತೆ, ಎರಡು ವರ್ಷದ ಅಂತರವನ್ನು ಯಾರೂ ಗಮನಿಸಿರಲಿಲ್ಲ. ಆಮೇಲೆ ಇವನು ಒಂದು ವಾಕ್ಯ ಬರೆದುಕೊಟ್ಟ, ಅದು ಕಂಪನಿಯ ಕಂಪ್ಯೂಟರಿನೊಳಗೆ ಸೇರಿಕೊಂಡಿತು.

ಹೋದ ವರ್ಷದ ಕೊನೆಯಲ್ಲಿ ಅವನ ಕೋಟು ಸಡಿಲವಾಗತೊಡಗಿತು. ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗುವ ಹೊತ್ತಿಗೆ ಅದು ಯಕೃತ್ತಿನ ತನಕ ಹಬ್ಬಿತ್ತು. ತನ್ನದೇ ಆಸ್ಪತ್ರೆಯಲ್ಲಿ, ತಾನೇ ಕಳಿಸಿದ ಕಾಗದದ ಮೇಲೆ ಬಂದ ಒಪ್ಪಿಗೆಯಿಂದ, ಐವತ್ತಾರನೆಯ ವಯಸ್ಸಿನಲ್ಲಿ ಅವನು ದಾಖಲಾದ. ಹೊಟ್ಟೆ ತೆರೆದು ನೋಡಿ ಹಾಗೇ ಮುಚ್ಚಿದರು. ಹತ್ತೊಂಬತ್ತನೆಯ ದಿನ ಬೆಳಗ್ಗೆ ವೈದ್ಯರು ಅತ್ತಿಗೆಯನ್ನು, ಎಂದರೆ ಅವನ ಹೆಂಡತಿಯನ್ನು, ಓಣಿಗೆ ಕರೆದು, ಇನ್ನು ಮೂರೋ ನಾಲ್ಕೋ ದಿನ, ನೋವಿಗೆ ಔಷಧ ಕೊಡುತ್ತೇವೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅವನಿಗೂ ಬೇಕಾಗಿದ್ದದ್ದು ಅದೊಂದೇ. ಮನೆಯಲ್ಲಿ ಮಂಚವನ್ನು ಗೋಡೆಯ ಪಕ್ಕದಿಂದ ಎಳೆದು ಕೋಣೆಯ ನಡುವೆ ಹಾಕಿಸಬೇಕೆಂದು ಹಿಂದಿನ ದಿನವೇ ಮಗಳಿಗೆ ಹೇಳಿದ್ದ. ಯಾಕಪ್ಪ ಎಂದು ಅವಳು ಕೇಳಿದ್ದಕ್ಕೆ, ಎರಡೂ ಕಡೆ ನೀವು ಕೂರಬಹುದು ಎಂದಿದ್ದ.

ಒಂಬತ್ತು ಗಂಟೆಗೆ ಬಿಡುಗಡೆ ಬರೆದರು. ಹತ್ತಕ್ಕೆ ಅವನು ಆಸ್ಪತ್ರೆಯ ನಿಲುವಂಗಿ ಕಳಚಿಸಿಕೊಂಡು, ತನ್ನ ಅಂಗಿ ಹಾಕಿಸಿಕೊಂಡು, ಅದರ ಮೇಲೆ ಕೋಟನ್ನೂ ಹಾಕಿಸಿಕೊಂಡು ದಿಂಬಿಗೆ ಒರಗಿ ಕೂತ. ಮಗಳು ಮಂಚ ಸರಿಸಿ, ಹೊಸ ಹಾಸಿಗೆ ಹಾಸಲು ಮನೆಗೆ ಹೋದಳು. ಹನ್ನೊಂದಕ್ಕೆ ಕೊನೆಯ ಬಿಲ್ಲು, ಬಿಡುಗಡೆಯ ಸಾರಾಂಶ ಎರಡೂ ಕಂಪನಿಗೆ ಹೋದವು. ಕಳಿಸಿದ್ದು ಎದುರು ಮೇಜಿನಾಕೆ, ಒಂಬತ್ತು ವರ್ಷ ಅವನ ಜೊತೆ ಆ ಮೆಟ್ಟಿಲ ಕೆಳಗೆ ದುಡಿದವಳು. ಒಂದು ಗಂಟೆಯ ಸುಮಾರಿಗೆ ಆಕೆಯೇ ಮೇಲೆ ಬಂದಳು. ಕೈಯಲ್ಲಿ ಒಂದು ಹಾಳೆಯಿತ್ತು, ಅದನ್ನು ಅವನಿಗೆ ಕೊಡದೆ ನನಗೆ ಕೊಡಲು ನೋಡಿದಳು. ಅವನು ಕೈ ಚಾಚಿ ಇಸಿದುಕೊಂಡ.

ವಯಸ್ಸಿನಲ್ಲಿ ವ್ಯತ್ಯಾಸ ಕಂಡುಬಂದಿರುತ್ತದೆ; ಚಿಕಿತ್ಸೆ ನೀಡಿದ ವೈದ್ಯರ ಸಹಿ ಹಾಗೂ ಆಸ್ಪತ್ರೆಯ ಮುದ್ರೆಯೊಂದಿಗೆ ಸ್ಪಷ್ಟೀಕರಣ ಕಳುಹಿಸತಕ್ಕದ್ದು.

ಅವನು ಅದನ್ನು ಎರಡು ಸಲ ಓದಿದ. "ನನ್ನದೇ ವಾಕ್ಯ" ಎಂದ. "ಒಂದಕ್ಷರ ಬದಲಾಯಿಸಿಲ್ಲ ನೋಡು."

ಆಗಿದ್ದು ಇಷ್ಟು. ದಾಖಲಾದ ಹನ್ನೆರಡನೆಯ ದಿನ ಅವನಿಗೆ ಐವತ್ತೇಳು ತುಂಬಿತ್ತು. ಅದೇ ಸಂಜೆ ಅವನನ್ನು ಬೇರೆ ವಾರ್ಡಿಗೆ ಬದಲಾಯಿಸಿದರು, ಅಲ್ಲಿಯ ನರ್ಸು ಹೊಸ ಹಾಳೆ ತೆಗೆದು ವಯಸ್ಸು ಕೇಳಿದಳು. ಐವತ್ತೇಳು ಎಂದ. ಬಿಡುಗಡೆಯ ಸಾರಾಂಶಕ್ಕೆ ಅದೇ ಹಾಳೆಯಿಂದ ನಕಲು ಮಾಡಿದ್ದರು. ಎದುರು ಮೇಜಿನಾಕೆ ಅಳತೊಡಗಿದಳು. ಕಳಿಸುವ ಮೊದಲು ತಾನು ನೋಡಬೇಕಾಗಿತ್ತು, ಬೇರೆ ಯಾರದಾದರೂ ಆಗಿದ್ದರೆ ನೋಡುತ್ತಿದ್ದೆ, ಸಾರ್ ಅವರದಲ್ಲವೇ, ಅದರಲ್ಲಿ ತಪ್ಪು ಇರಲಾರದು ಎಂದುಕೊಂಡೆ ಎಂದಳು. ಅವನು ಅವಳನ್ನು ಸಮಾಧಾನ ಮಾಡಿ ಕಳಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಐವತ್ತೇಳು ನೋಡ್ತೀನೋ ಇಲ್ವೋ ಅನ್ಕೊಂಡಿದ್ದೆ. ನೋಡಿದೆ. ಯಾರಾದ್ರೂ ಕೇಳ್ಲಿ ಅಂತ ಅವತ್ತು ಬೆಳಗ್ಗೆಯಿಂದ ಕಾಯ್ತಿದ್ದೆ, ಆ ನರ್ಸು ಕೇಳಿದ್ಲು. ನನ್ನ ವಯಸ್ಸು ಕೇಳ್ತಿದ್ದಾಳೆ ಅನ್ಕೊಂಡೆ ಕಣೋ. ಅವಳು ಕೇಳಿದ್ದು ಫೈಲಿನ ವಯಸ್ಸು."

ಇಷ್ಟಕ್ಕೆ ಬೇಕಾದದ್ದು ನಾಲ್ಕು ಸಾಲಿನ ಒಂದು ಪತ್ರ, ಒಂದು ಸಹಿ. ಸಹಿ ಮಾಡಬೇಕಾದ ವೈದ್ಯರು ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ಹೋಗಿ ಅರ್ಧ ಗಂಟೆಯಾಗಿತ್ತು; ಬರುವುದು ಮೂರರ ಮೇಲೆ. ನಾನು ಕೆಳಗೆ ಹೋಗಿ ವಿಚಾರಿಸಿದೆ. ಕಂಪನಿ ಒಪ್ಪದಿದ್ದರೆ ಹಣಕ್ಕೆ ನಾನು ಹೊಣೆ ಎಂದು ಒಬ್ಬರು ಬರೆದುಕೊಟ್ಟು, ಆಡಳಿತಾಧಿಕಾರಿ ಅದಕ್ಕೆ ಸಹಿ ಹಾಕಿದರೆ ರೋಗಿಯನ್ನು ಬಿಡಬಹುದೆಂದು ಗೊತ್ತಾಯಿತು. ನಾನು ಬರೆದುಕೊಡುತ್ತೇನೆ ಎಂದು ಓಡಿ ಮೇಲೆ ಬಂದೆ. ಅತ್ತಿಗೆ ಆಗಲೇ ಚೀಲ ಎತ್ತಿಕೊಂಡು ನಿಂತಿದ್ದರು. ಅವನು ತಲೆಯಾಡಿಸಿದ.

"ಬೇಡ. ಹದಿನಾಲ್ಕು ವರ್ಷ ಕಂಡ ಕಂಡವರಿಗೆಲ್ಲ ಒಂದು ಗಂಟೆ ಕೂತಿರಿ ಅಂತ ಹೇಳಿದ್ದೀನಿ. ನಾನು ಒಂದು ಗಂಟೆ ಕೂರಬಾರದಾ?"

"ಅವರ ಮಾತು ಬೇರೆ" ಎಂದರು ಅತ್ತಿಗೆ.

"ಅವರೂ ಹಾಗೇ ಅಂತಿದ್ರು ಕಣೇ."

ಅತ್ತಿಗೆ ಚೀಲವನ್ನು ಕೆಳಗಿಟ್ಟರು. ಅವನ ಹಟ ನನಗೆ ಹೊಸದಲ್ಲ, ಅದನ್ನು ಗೌರವಿಸುವುದೂ ನನಗೆ ಅಭ್ಯಾಸವಾಗಿಬಿಟ್ಟಿತ್ತು. ನಾನು ಸ್ಟೂಲಿನ ಮೇಲೆ ಕೂತೆ. ಮುಂದಿನ ಎರಡು ಗಂಟೆಗೂ ಹೆಚ್ಚು ಹೊತ್ತು ಅವನು ಕಣ್ಣು ಅರ್ಧ ಮುಚ್ಚಿಕೊಂಡು, ಎದುರಿನ ಗಡಿಯಾರ ನೋಡಿಕೊಂಡು, ಕಾಗದ ಎಲ್ಲಿದೆ ಎಂದು ನಮಗೆ ಹೇಳುತ್ತ ಹೋದ. ಈಗ ಪತ್ರ ಟೈಪಾಗಿದೆ. ಈಗ ಆಕೆ ಅದನ್ನು ಹಿಡಿದುಕೊಂಡು ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಈಗ ಡಾಕ್ಟರು ಕೈ ತೊಳೆಯುತ್ತಿದ್ದಾರೆ, ಪೆನ್ನು ಕೇಳುತ್ತಾರೆ ನೋಡು, ಅವರ ಹತ್ತಿರ ಯಾವತ್ತೂ ಪೆನ್ನು ಇರುವುದಿಲ್ಲ. ಈಗ ಮುದ್ರೆ. ಮುದ್ರೆಯವನು ಚಹಾಕ್ಕೆ ಹೋಗಿದ್ದಾನೆ, ಹತ್ತು ನಿಮಿಷ ಬಿಡು. ನಡುನಡುವೆ ಮಗಳು ಫೋನು ಮಾಡಿ, ಮಂಚ ಹಾಕಿಯಾಯಿತು, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಕೇಳುತ್ತಿದ್ದಳು. ಹೊರಟೆವು ಎಂದು ಹೇಳು, ಎಂದು ಅವನು ಅತ್ತಿಗೆಗೆ ಸನ್ನೆ ಮಾಡುತ್ತಿದ್ದ.

ಮೂರೂ ಮುಕ್ಕಾಲಿಗೆ ಎದುರು ಮೇಜಿನಾಕೆ ಬಾಗಿಲಲ್ಲಿ ನಿಂತು ಕಳಿಸಿಯಾಯಿತು ಎಂದಳು. ಅವನ ಲೆಕ್ಕಕ್ಕೂ ಅವಳ ಮಾತಿಗೂ ಐದು ನಿಮಿಷದ ಅಂತರವಿರಲಿಲ್ಲ. ಅಷ್ಟು ಹೊತ್ತಿಗೆ ಅವನ ಉಸಿರಿನಲ್ಲಿ ಒಂದು ಸದ್ದು ಸೇರಿಕೊಂಡಿತ್ತು. ನರ್ಸು ಬಂದು ನಾಡಿ ನೋಡಿ ವೈದ್ಯರನ್ನು ಕರೆಯಲು ಹೋದಳು. ಅವನು ಕಣ್ಣು ತೆರೆದು ನನ್ನನ್ನು ನೋಡಿದ.

"ಎಲ್ಲಿ ನಿಂತಿದೆ?"

"ಕಂಪನಿಗೆ ಹೋಯ್ತು. ನೋಡ್ತಿದ್ದಾರಂತೆ."

"ಹಾಗಾದ್ರೆ ಬಂತು ಬಿಡು" ಎಂದು ಅತ್ತಿಗೆಯ ಕಡೆ ಮುಖ ಮಾಡಿದ. ನಾಲ್ಕೂ ಇಪ್ಪತ್ತಕ್ಕೆ ಹೋಗಿಬಿಟ್ಟ. ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕಾಲಲ್ಲಿ ಬೂಟು ಸಮೇತ, ಮನೆಗೆ ಹೊರಟ ಹಾಗೆಯೇ.

ಐದು ಗಂಟೆಗೆ ಅವನ ಕೋಟಿನ ಜೇಬಿನಲ್ಲಿ ಫೋನು ಗುರ್ರೆಂದಿತು. ಅತ್ತಿಗೆ ಅದನ್ನು ಹೊರಗೆ ತೆಗೆದರು. ಕನ್ನಡಕವಿಲ್ಲದೆ ಅವರಿಗೆ ಓದಲಾಗುವುದಿಲ್ಲ, ನನ್ನ ಕೈಗೆ ಕೊಟ್ಟರು. ನಿಮ್ಮ ಬಿಡುಗಡೆಗೆ ಒಪ್ಪಿಗೆ ನೀಡಲಾಗಿದೆ, ಬೇಗ ಚೇತರಿಸಿಕೊಳ್ಳಿ, ಎಂದು ಬರೆದಿತ್ತು. ಎಲ್ಲಿ ನಿಂತಿದೆಯಂತೆ ಎಂದು ಅವರು ಕೇಳಿದರು, ಅವನ ಧಾಟಿಯಲ್ಲೇ, ಅದು ತಮಗೇ ಗೊತ್ತಾಗದ ಹಾಗೆ. ಬಂತು ಅತ್ತಿಗೆ ಎಂದೆ.

ಬಂದದ್ದು ಉಪಯೋಗಕ್ಕೆ ಬರಲಿಲ್ಲ. ಆ ಒಪ್ಪಿಗೆ ಬದುಕಿದ್ದವನ ಬಿಡುಗಡೆಗೆ; ಸತ್ತವನಿಗೆ ಬೇರೆ ಸಾರಾಂಶ, ಬೇರೆ ಬಿಲ್ಲು, ಮೊದಲಿನಿಂದ ಮತ್ತೆ. ಎದುರು ಮೇಜಿನಾಕೆ ಹೊಸ ಹಾಳೆಯನ್ನು ತುಂಬಲು ಕೂತು ವಯಸ್ಸಿನ ಜಾಗಕ್ಕೆ ಬಂದಾಗ ಕೈ ತಡೆದು ನನ್ನ ಮುಖ ನೋಡಿದಳು. ಅವನು ಕಲಿಸಿದ ಹಾಗೆ ಐವತ್ತಾರು ಎಂದೇ ಬರೆದಳು. ಒಪ್ಪಿಗೆ ಯಾವಾಗ ಬರುವುದೋ ಗೊತ್ತಿಲ್ಲ, ಆದರೆ ದೇಹವನ್ನು ಅಲ್ಲಿಯ ತನಕ ಇಟ್ಟುಕೊಳ್ಳುವುದು ಬೇಡ ಎಂದು ಆಡಳಿತಾಧಿಕಾರಿ ತಾವಾಗಿಯೇ ಮೇಲೆ ಬಂದರು. ಹಣಕ್ಕೆ ನಾನು ಹೊಣೆ ಎಂದು ನಾನು ಬರೆದುಕೊಟ್ಟೆ, ಅವರು ನಿಂತಲ್ಲೇ ಸಹಿ ಹಾಕಿದರು. ಅದಕ್ಕೆ ಹಿಡಿದದ್ದು ಐದು ನಿಮಿಷ. ಮಧ್ಯಾಹ್ನ ಒಂದೂವರೆಗೆ ನಾನು ಬರೆದುಕೊಡಬೇಕೆಂದಿದ್ದ ಅದೇ ಕಾಗದ.

ಮನೆಗೆ ತಂದಾಗ ಇನ್ನೂ ಬೆಳಕಿತ್ತು. ಮಂಚ ಕೋಣೆಯ ನಟ್ಟನಡುವೆ ಇತ್ತು, ಹಾಸಿಗೆಗೆ ಒಂದು ಮಡಿಕೆಯೂ ಇರಲಿಲ್ಲ. ಅವನನ್ನು ಅದರ ಮೇಲೆ ಮಲಗಿಸಿ, ಒಂದು ಕಡೆ ಅತ್ತಿಗೆ, ಇನ್ನೊಂದು ಕಡೆ ಮಗಳು ಕೂತರು. ಜೀವಮಾನದಲ್ಲಿ ಮೊದಲ ಸಲ ಅವನ ಎರಡೂ ಬದಿಗೆ ಜಾಗವಿತ್ತು.

ಕೋಟನ್ನು ಅತ್ತಿಗೆ ನನಗೆ ಕೊಟ್ಟಿದ್ದಾರೆ. ತೊಡುವ ಧೈರ್ಯವಾಗಿಲ್ಲ. ಕೆಲವೊಮ್ಮೆ ತೆಗೆದು ಆ ಸವೆದ ಭುಜದ ಮೇಲೆ ಬೆರಳಾಡಿಸುತ್ತೇನೆ, ಅವನಂಥವರ ಬಗ್ಗೆ ಯೋಚಿಸುತ್ತೇನೆ. ಕೊಡುವವರೂ ಅಲ್ಲದೆ ಪಡೆಯುವವರೂ ಅಲ್ಲದೆ ನಡುವಿನ ಕಂಡಿಯಲ್ಲಿ ಕೂತವರು ಅವರು. ನಿಯಮಕ್ಕೆ ಮುಖವಿಲ್ಲವಾದ್ದರಿಂದ ಅವರ ಮುಖಕ್ಕೇ ನಾವು ಬೈಯುತ್ತೇವೆ, ಅವರು ಅದನ್ನು ತಮ್ಮ ಪಾಲೆಂದೇ ತೆಗೆದುಕೊಳ್ಳುತ್ತಾರೆ. ಊರವರಿಗೆಲ್ಲ ದಾರಿ ಬಿಡಿಸಿಕೊಟ್ಟು ತಾವು ಮಾತ್ರ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ, ಅದನ್ನು ನ್ಯಾಯವೆಂದು ನಂಬುತ್ತಾರೆ, ಆ ನಂಬಿಕೆ ಎಷ್ಟು ಚೊಕ್ಕಟವಾಗಿರುತ್ತದೆಂದರೆ ಎದುರಿಗಿದ್ದವರಿಗೆ ಅದನ್ನು ಮುರಿಯಲು ಮನಸ್ಸೇ ಬರುವುದಿಲ್ಲ. ಅಂಥವರನ್ನು ಮೆಚ್ಚುವವರು ಬಹಳ ಮಂದಿ ಸಿಗುತ್ತಾರೆ, ನಾನೂ ಅವರಲ್ಲೊಬ್ಬನಾಗಿದ್ದೆ. ಅವರಿಗೆ ನಿಜವಾಗಿ ಬೇಕಾಗಿರುವುದು ಒಂದು ಹೊತ್ತಿಗಾದರೂ ಅವರ ಮಾತು ಕೇಳದ ಒಬ್ಬ ಗೆಳೆಯ. ನಾನು ಅವನ ಮಾತು ಕೇಳಿದೆ.